ಬೀಜಕ್ಕೆ ಬಿಟ್ಟ ಗಿಡ



ಮುಂಗಾರು ಸಮೀಪಿಸುತ್ತಿದ್ದಂತೆ ಶಿಗ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಸುತ್ತಲಿನ ರೈತರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಬ್ಯಾಡಗಿ ಮೆಣಸಿನಕಾಯಿಗೆ ಈ ವರ್ಷ ಮನೆಯ ಬೀಜವೋ, ಅಂಗಡಿಯ ಬೀಜವೋ? ಬೀಜ ಮೊಳೆಯುವುದು ಕಷ್ಟವಲ್ಲ. ಮಡಿಯಲ್ಲಿ ಬಿತ್ತಿ ತೇವ ಕಾಯ್ದರೆ ಹತ್ತು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಸುಮಾರು 40 ದಿನಗಳಿಗೆ ಸಸಿ ನಾಟಿಗೆ ಸಿದ್ಧ. ಕಷ್ಟವಿರುವುದು ಬೇರೆಡೆ. ಬಿತ್ತಿದ್ದು ತಾಯಿಯಂತೆಯೇ ಬರುವುದೇ?

ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೆ ಜೇನುನೊಣ ಹೊಲದ ಬದುವನ್ನು ಲೆಕ್ಕಿಸುವುದಿಲ್ಲ. ನೆರೆಹೊಲದ ಬೇರೆ ತಳಿಯ ಪರಾಗವನ್ನೂ ಹೊತ್ತು ತರುತ್ತದೆ. ಹೀಗೆ ಬೆರೆತದ್ದು ಆ ವರ್ಷದ ಕಾಯಿಯಲ್ಲಿ ತೋರದು. ಅದೇ ಕಡುಗೆಂಪು, ಅದೇ ಸುಕ್ಕು. ಮರುವರ್ಷ ಅದರ ಬೀಜದಿಂದ ಎದ್ದ ಗಿಡದಲ್ಲಿ ಮಾತ್ರ ವ್ಯತ್ಯಾಸ ಬಯಲಾಗುತ್ತದೆ. ಆದ್ದರಿಂದಲೇ ಪ್ರಮಾಣಿತ ಬೀಜ ಬೆಳೆಯುವವರು ಬೇರೆ ತಳಿಗಳಿಂದ ಕನಿಷ್ಠ 200 ಮೀಟರ್ ಅಂತರ ಕಾಯಬೇಕೆಂಬ ನಿಯಮವಿದೆ. ಎರಡೆಕರೆಯ ರೈತ ಆ ಅಂತರವನ್ನು ಎಲ್ಲಿಂದ ತಂದಾನು?

ಬಲಿಪೂಜೆಯ ಬಳಿಕ ಹಿಂದೆ ಉಳಿಯುವ ತಂದೆತಾಯಿಯರಿಂದ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: "ಮಗ ಬೆಂಗಳೂರಿಗೆ ಹೋದ ಮೇಲೆ ದೇವಾಲಯದ ಕಡೆಗೇ ಸುಳಿಯುವುದಿಲ್ಲ, ಫಾದರ್. ನಾವು ಎಲ್ಲಿ ತಪ್ಪಿದೆವು?" ಆ ಕಣ್ಣೀರು ಹಗುರವಾದುದಲ್ಲ. ಮಕ್ಕಳನ್ನು ಲೋಕದಿಂದ 200 ಮೀಟರ್ ದೂರವಿಟ್ಟಿದ್ದರೆ ವಿಶ್ವಾಸ ಉಳಿಯುತ್ತಿತ್ತೇನೋ ಎಂಬ ಕೊರಗು ಅದರಲ್ಲಿದೆ. ಆದರೆ ಯೇಸುಸ್ವಾಮಿಯ ಸಾಮತಿಯಲ್ಲಿ ಗೋಧಿಯೂ ಕಳೆಯೂ ಒಂದೇ ಹೊಲದಲ್ಲಿ ಬೆಳೆಯುತ್ತವೆ. ಕೀಳಲು ಆತುರಪಟ್ಟ ಆಳುಗಳನ್ನು ಯಜಮಾನನೇ ತಡೆಯುತ್ತಾನೆ. ಬೇಲಿಯ ಮಾತು ಅಲ್ಲಿಲ್ಲ.

ಹಾಗಾದರೆ ತಳಿ ಉಳಿಯುವುದು ಹೇಗೆ? ನಮ್ಮ ಹಿರಿಯ ರೈತ ಮಹಿಳೆಯರನ್ನು ಕೇಳಿ. ಅವರು ರಾಶಿಯಲ್ಲಿನ ದಪ್ಪ ಕಾಯಿಯನ್ನು ಬೀಜಕ್ಕೆ ಆರಿಸುವುದಿಲ್ಲ. ಬೆಳೆ ನಿಂತಿರುವಾಗಲೇ ಹೊಲಕ್ಕೆ ಹೋಗಿ, ಮಳೆ ಕೈಕೊಟ್ಟಾಗ ಬಾಡದೆ, ಎಲೆ ಮುಟುರು ರೋಗಕ್ಕೆ ಬಾಗದೆ ನಿಂತ ಗಿಡವನ್ನು ಗುರುತಿಸುತ್ತಾರೆ. ಅದರ ಕಾಯಿಗಳನ್ನು ಗಿಡದಲ್ಲೇ ಕೆಂಪಾಗಲು ಬಿಟ್ಟು, ಬೇರೆಯಾಗಿ ಒಣಗಿಸುತ್ತಾರೆ. ಮರುವರ್ಷ ಮತ್ತೆ ಅದೇ ಆಯ್ಕೆ. ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಬಂದ ಮೆಣಸಿನಕಾಯಿ ಇಲ್ಲಿ ನಮ್ಮದಾದದ್ದು, 2011ರಲ್ಲಿ ಬ್ಯಾಡಗಿಯ ಹೆಸರಿನಲ್ಲೇ ಭೌಗೋಳಿಕ ಸೂಚಿಕೆ ಪಡೆದದ್ದು, ತಲೆಮಾರುಗಳ ಇಂಥ ಆಯ್ಕೆಯಿಂದ. ಅಂಗಡಿಯ ಹೈಬ್ರಿಡ್ ಬೀಜ ಹೆಚ್ಚು ಇಳುವರಿ ಕೊಟ್ಟೀತು; ಅದರ ಬೀಜವನ್ನು ಮತ್ತೆ ಬಿತ್ತಿದರೆ ಗುಣ ಚೆದುರುತ್ತದೆ. ಧರ್ಮೋಪದೇಶದ ತರಗತಿಗಷ್ಟೇ ಬಿಟ್ಟುಕೊಟ್ಟ ವಿಶ್ವಾಸವೂ ಹಾಗೆಯೇ.

ಆದುದರಿಂದ, ತಂದೆತಾಯಿಯರೇ, ನಿಮ್ಮ ಬಾಳಿನ ಬರಗಾಲದಲ್ಲಿ ಬಾಡದೆ ನಿಂತದ್ದು ಯಾವುದೆಂದು ಮೊದಲು ನೋಡಿಕೊಳ್ಳಿ. ಸಾಲದ ದಿನಗಳಲ್ಲಿ ಬಿಡದ ಜಪಸರವೇ? ನೆರೆಯವರೊಂದಿಗೆ ಹಂಚಿಕೊಂಡ ರೊಟ್ಟಿಯೇ? ಮಕ್ಕಳಿಗೆ ಕೊಡಬೇಕಾದ ಬೀಜ ಅದು. ಬಲಿಪೂಜೆಯ ಸ್ಥಾನವನ್ನು ಬೇರಾವುದೂ ತುಂಬಲಾರದು, ನಿಜ. ಆದರೂ ಊರಿನವರ ಕಷ್ಟಕ್ಕೆ ನಿಮ್ಮ ಮಗ ಇಂದಿಗೂ ಸದ್ದಿಲ್ಲದೆ ಹಣ ಕಳಿಸುವವನಾಗಿದ್ದರೆ, ನೀವು ಬಿತ್ತಿದ್ದು ಅಲ್ಲಿ ಜೀವಂತವಾಗಿದೆ. ಕ್ರಿಸ್ಮಸ್ಸಿಗೆ ಅವನು ಬಂದಾಗ ಮಾತು ದೂರಿನಿಂದ ಆರಂಭವಾಗದಿರಲಿ. ಆ ಗುಣವನ್ನು ಗುರುತಿಸಿ, ಅವನ ಮುಂದೆಯೇ ಹೇಳಿ, ಸಂಜೆಯ ಪ್ರಾರ್ಥನೆಗೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಯ್ಕೆಗೆ ಇನ್ನೂ ಒಂದು ವರ್ಷವಿದೆ. ಬೆಳೆಸುವವನು ದೇವರು.