ಅಜ್ಜಿಯ ಹುಣಸೆ ಬೀಜಗಳು

ಮಕ್ಕಳೇ, ನೀವು ಅಳಗುಳಿಮಣೆ ಆಡಿದ್ದೀರಾ? ನನಗೆ ಆ ಆಟ ಕಲಿಸಿದವರು ನನ್ನ ಅಜ್ಜಿ. ಶಾಲೆಯ ಮೆಟ್ಟಿಲು ಹತ್ತದ ಅವರು ಹುಣಸೆ ಬೀಜ ಎಣಿಸಿ ಹಂಚುವುದರಲ್ಲಿ ನನ್ನನ್ನು ಪ್ರತಿ ಸಲವೂ ಸೋಲಿಸುತ್ತಿದ್ದರು.

ನಾನು ಏಳನೇ ತರಗತಿಗೆ ಬರುವ ಹೊತ್ತಿಗೆ ಅಜ್ಜಿ ಬದಲಾದರು. ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು, ಯಾವ ಮನೆಗೆ ಹಾಕಬೇಕೆಂದು ತಿಳಿಯದೆ ಸುಮ್ಮನೆ ಕೂರುತ್ತಿದ್ದರು. ಊಟ ಮಾಡಿ ಕೈ ತೊಳೆದ ಮೇಲೂ "ನನಗೆ ಊಟವೇ ಹಾಕಲಿಲ್ಲ" ಎನ್ನುತ್ತಿದ್ದರು. "ಅರವತ್ತಕ್ಕೆ ಅರಳುಮರಳು" ಎಂದು ನೆರೆಹೊರೆಯವರು ನಗುತ್ತಿದ್ದರು. ಒಂದು ದಿನ ನಾನು "ಅಜ್ಜಿ, ನೀನು ಬೇಕಂತಲೇ ಹೀಗೆ ಮಾಡ್ತೀಯ!" ಎಂದು ಕೂಗಿ ಮಣೆಯನ್ನು ತಳ್ಳಿಬಿಟ್ಟೆ. ಅಜ್ಜಿ ಏನೂ ಹೇಳಲಿಲ್ಲ. ಚೆಲ್ಲಿದ ಬೀಜಗಳನ್ನು ಒಂದೊಂದಾಗಿ ಆಯ್ದರು.

ಅವರ ಮರೆವಿಗೆ ಕಾರಣವೇನೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಮುಂದೆ ನಾನು ಎಂ.ಎಸ್ಸಿ. ಮುಗಿಸಿ ಶಿಕ್ಷಕನಾದ ಮೇಲೆ ಆಲ್‌ಝೈಮರ್ ಕಾಯಿಲೆಯ ಬಗ್ಗೆ ಓದಿದೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯೊಂದಕ್ಕೆ ಆಗಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಆಕೆಗೆ ವಿಪರೀತ ಮರೆವು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯ ಅಲೋಯಿಸ್ ಆಲ್‌ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ನಡುವೆ ಸಣ್ಣ ಸಣ್ಣ ಗುಪ್ಪೆಗಳು ಕಂಡವು! ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನ್ ತುಣುಕುಗಳು ಒಂದಕ್ಕೊಂದು ಅಂಟಿಕೊಂಡು ಆಗುವ ಈ ಗುಪ್ಪೆಗಳನ್ನು ಈಗ ಅಮಿಲಾಯ್ಡ್ ಪ್ಲಾಕ್ ಎನ್ನುತ್ತಾರೆ.

ಆದರೆ ಬದುಕಿರುವವರ ತಲೆಯೊಳಗೆ ಇವನ್ನು ನೋಡುವುದು ಹೇಗೆ? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಇದಕ್ಕೆಂದೇ ಒಂದು ವಸ್ತುವನ್ನು ತಯಾರಿಸಿದರು. ಅದನ್ನು ರಕ್ತನಾಳಕ್ಕೆ ಚುಚ್ಚಿದರೆ ಮೆದುಳಿಗೆ ಹೋಗಿ ಗುಪ್ಪೆಗಳಿಗೆ ಅಂಟಿಕೊಳ್ಳುತ್ತದೆ. ಅದರಲ್ಲಿರುವ ವಿಕಿರಣಶೀಲ ಕಾರ್ಬನ್-11ರಿಂದಾಗಿ ಹೊಮ್ಮುವ ಗಾಮಾ ಕಿರಣಗಳನ್ನು ಪೆಟ್ ಸ್ಕ್ಯಾನ್ ಯಂತ್ರ ಹಿಡಿಯುತ್ತದೆ. ಕಂಪ್ಯೂಟರ್ ಚಿತ್ರ ಬಿಡಿಸುತ್ತದೆ. 2002ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಇದನ್ನು ಬಳಸಿದರು.

ಕಾರ್ಬನ್-11 ಬಹಳ ಅವಸರದ್ದು! ಸುಮಾರು 20 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. 80 ಹುಣಸೆ ಬೀಜ ತೆಗೆದುಕೊಳ್ಳಿ. 20 ನಿಮಿಷಕ್ಕೆ 40 ಉಳಿದವು ಎಂದುಕೊಳ್ಳಿ, 40 ನಿಮಿಷಕ್ಕೆ 20. ಒಂದು ಗಂಟೆಗೆ ಎಷ್ಟು? ಹತ್ತೇ! ಆದ್ದರಿಂದ ಅದನ್ನು ಸ್ಕ್ಯಾನ್ ಮಾಡುವ ಜಾಗದ ಹತ್ತಿರವೇ ತಯಾರಿಸಿ ಕೂಡಲೇ ಬಳಸಬೇಕು.

ಒಬ್ಬರನ್ನೇ ಹಲವು ವರ್ಷಗಳ ಕಾಲ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದಾಗ ವಿಜ್ಞಾನಿಗಳಿಗೆ ಒಂದು ಮುಖ್ಯ ಸಂಗತಿ ತಿಳಿಯಿತು. ಗುಪ್ಪೆಗಳು ಬಹಳ ನಿಧಾನವಾಗಿ ಬೆಳೆಯುತ್ತವೆ. ಮರೆವು ಕಾಣಿಸಿಕೊಳ್ಳುವುದಕ್ಕೆ ಹತ್ತು-ಹದಿನೈದು ವರ್ಷ ಮೊದಲೇ, ಕೆಲವೊಮ್ಮೆ ಇನ್ನೂ ಮೊದಲೇ ಶುರುವಾಗಿರುತ್ತವೆ. ಗುಪ್ಪೆಗಳಿದ್ದರೂ ನೆನಪು ಚೆನ್ನಾಗಿರುವ ಹಿರಿಯರೂ ಇದ್ದಾರೆ. ಆದ್ದರಿಂದ ಗುಪ್ಪೆಯೊಂದೇ ಇಡೀ ಕಥೆಯಲ್ಲ. ಅವನ್ನು ಕಡಿಮೆ ಮಾಡುವ ಔಷಧಿಗಳು ಈಗ ಬಂದಿವೆ. ಆದರೆ ಅವು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಅದರ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ, ಅಷ್ಟೆ.

ಇದನ್ನು ಓದಿದ ದಿನ ನನಗೆ ಅಜ್ಜಿಯ ನೆನಪಾಯಿತು. ಅವರಿಗಿದ್ದದ್ದು ಇದೇ ಕಾಯಿಲೆಯಾಗಿದ್ದರೆ, ಅವರು ಆಟದಲ್ಲಿ ಗೆದ್ದು ನಗುತ್ತಿದ್ದ ದಿನಗಳಲ್ಲೇ ಒಳಗೆ ಗುಪ್ಪೆಗಳು ಬೆಳೆಯುತ್ತಿದ್ದವು. ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅವರು ಬೇಕೆಂದು ಮಾಡಿದ್ದು ಏನೂ ಇರಲಿಲ್ಲ.

ಮಕ್ಕಳೇ, ಎಲ್ಲ ಮರೆವೂ ಈ ಕಾಯಿಲೆಯಲ್ಲ. ಆದರೂ ನಿಮ್ಮ ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ. ಅಜ್ಜಿ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ನಗುತ್ತಾ ಉತ್ತರ ಕೊಡಿ. ನಾನು ಕೊಡಲಿಲ್ಲ. ನೀವು ಕೊಡಿ.