ಬಿಡದಿಗೆ ಹೊರಡುವ ಮುನ್ನ

ಪುತ್ತೂರು, ಸುಳ್ಯ, ಕಡಬದ ನಮ್ಮ ಮನೆಗಳ ಮಕ್ಕಳಿಗೀಗ ಬಿಡದಿಯ ವಂಡರ್‌ಲಾದ ಹಂಬಲ. 2005ರಲ್ಲಿ ಆರಂಭವಾದ ಈ ಮನರಂಜನಾ ಉದ್ಯಾನದಲ್ಲಿ ತಂಗಲು ರೆಸಾರ್ಟೂ ಉಂಟು. ಮೊದಲ ಬಾರಿಗೆ ಹೊರಡಲಿರುವ ನಾವು, ಟಿಕೇಟಿಗೆ ಮುನ್ನ ಅಳತೆಯ ಟೇಪು ಹಿಡಿದೆವು. ಅಲ್ಲಿ ಆಟಗಳಿಗೆ ವಯಸ್ಸಲ್ಲ, ಎತ್ತರವೇ ಪ್ರಮಾಣ. ರಭಸದ ಹಲವು ಆಟಗಳಿಗೆ 140 ಸೆಂಟಿಮೀಟರ್ ಬೇಕು. ಕಿರಿಯ ಮಗ ಗೋಡೆಗೊರಗಿ ಹಿಮ್ಮಡಿ ಎತ್ತಿದರೂ ಮೂರು ಬೆರಳು ಕಡಿಮೆ! ಅತ್ತದ್ದು ಮನೆಯಲ್ಲಿಯೇ ಆಯಿತು. ಅಷ್ಟು ದೂರ ಸಾಗಿ ಸರದಿಯ ತುದಿಯಲ್ಲಿ ಅಳುವುದಕ್ಕಿಂತ ಲೇಸು. ಚಿಕ್ಕವರಿಗೆ ಬೇರೆ ಆಟಗಳುಂಟೆಂದು ಸಮಾಧಾನಪಡಿಸಿದೆವು.

ನೀರಾಟಕ್ಕೆ ಹತ್ತಿಬಟ್ಟೆ ಸಲ್ಲದು, ನೈಲಾನ್ ಉಡುಪೇ ಆಗಬೇಕು. ಅಜ್ಜಿಗೆ ಅದು ಒಗ್ಗದ ಮಾತು. ಅವರಿಗಾಗಿಯೇ ಕಬಕ ಪುತ್ತೂರಿನಿಂದ ಹಗಲಿನ ರೈಲನ್ನು ಆರಿಸಿದ್ದೇವೆ. ಸುಬ್ರಹ್ಮಣ್ಯ ರೋಡ್ ದಾಟಿದರೆ ಸಕಲೇಶಪುರದವರೆಗೆ ಘಟ್ಟದಲ್ಲಿ 57 ಸುರಂಗಗಳು. ಅವುಗಳ ಲೆಕ್ಕವಿಡುವ ಹೊಣೆಯನ್ನು ಅಜ್ಜಿಯೇ ವಹಿಸಿಕೊಂಡಿದ್ದಾರೆ.