ಕಸಿ ಕಟ್ಟಿದ ಕೊಂಬೆ

ಅಟ್ಟ ತುಂಬಿದ ಮನೆಯ ಯಜಮಾನನಿಗೂ ಡಿಸ್ಕು ತುಂಬಿದ ಗಣಕಯಂತ್ರದ ಯಜಮಾನನಿಗೂ ಹೆಚ್ಚಿನ ಅಂತರವಿಲ್ಲ. ಇಬ್ಬರೂ ಮೊದಲು ಬೇಡದ ಸಾಮಾನನ್ನು ಹೊರಹಾಕಲು ಕೂರುತ್ತಾರೆ. ಒಂದೊಂದನ್ನೇ ಎತ್ತಿ ನೋಡಿ, ಮರುಗಿ, ಇದ್ದಲ್ಲಿಯೇ ಇಡುತ್ತಾರೆ. ಕೊನೆಗೆ ಒಬ್ಬನು ಹೊಸ ಕೋಣೆ ಕಟ್ಟಿಸುತ್ತಾನೆ. ಇನ್ನೊಬ್ಬನು ಎರಡನೆಯ ಡಿಸ್ಕನ್ನು ಕೊಂಡು ತರುತ್ತಾನೆ.

ವಿಂಡೋಸ್ ಯಂತ್ರದಲ್ಲಿ ಹೊಸ ಡಿಸ್ಕು ಸಾಮಾನ್ಯವಾಗಿ ತನ್ನದೇ ಬಾಗಿಲು ಇರಿಸಿಕೊಳ್ಳುತ್ತದೆ. ಹಳೆಯದು 'ಸಿ' ಆದರೆ ಹೊಸದು 'ಡಿ'. ಒಂದೇ ಅಂಗಳದಲ್ಲಿ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರಂತೆ. ಯೂನಿಕ್ಸಿನ ಧರ್ಮ ಬೇರೆ. ಅದರ ಜಾಡು ಹಿಡಿದ ಲಿನಕ್ಸಿನದೂ ಅದೇ. ಅಲ್ಲಿರುವುದು ಒಂದೇ ಮರ, ಒಂದೇ ಬೇರು. ಹೊಸ ಡಿಸ್ಕು ಎಷ್ಟೇ ದೊಡ್ಡದಿರಲಿ, ಆ ಮರದ ಯಾವುದೋ ಕೊಂಬೆಗೆ ಕಸಿ ಕಟ್ಟಿಸಿಕೊಂಡೇ ಬಾಳಬೇಕು. ಈ ಕಸಿಗೆ 'ಮೌಂಟ್' ಎಂದು ಹೆಸರು.

ಇದು ಇಕ್ಕಟ್ಟಿನ ಕಾಲದ ಜಾಣ್ಮೆ. ಅಮೆರಿಕದ ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತಮ್ಮ ಯಂತ್ರದ ಸಂಸಾರವನ್ನು ವರ್ಣಿಸಿದ್ದಾರೆ. ಮರದ ಬೇರು ಇದ್ದುದು 1 ಮೆಗಾಬೈಟಿನ ಪುಟ್ಟ ಡಿಸ್ಕಿನಲ್ಲಿ. ಇಂದು ಫೋನಿನಲ್ಲಿ ತೆಗೆದ ಒಂದು ಚಿತ್ರವೇ ಎಷ್ಟೋ ಸಲ ಅದಕ್ಕಿಂತ ಭಾರ. ಬಳಕೆದಾರರ ಕಡತಗಳೆಲ್ಲ ಬೇರೊಂದು ದೊಡ್ಡ ಡಿಸ್ಕಿನಲ್ಲಿದ್ದವು. ಯಂತ್ರ ಎದ್ದೊಡನೆ ಅದನ್ನು ತಾನೇ ಮರಕ್ಕೆ ಜೋಡಿಸಿಕೊಳ್ಳುತ್ತಿತ್ತು. ತನ್ನ ಕಡತ ಯಾವ ಡಿಸ್ಕಿನಲ್ಲಿದೆಯೆಂದು ಬಳಕೆದಾರ ಚಿಂತಿಸಬೇಕಾಗಿರಲಿಲ್ಲ.

ಬಳಕೆದಾರ ಮರೆಯಬಹುದು, ಕಸಿ ಕಟ್ಟಿದವನು ಮರೆಯಕೂಡದು. ಹೊಸ ಡಿಸ್ಕನ್ನು ಹಸನು ಮಾಡುವ ಮುನ್ನ ಅದರ ಗುರುತು ಖಚಿತವಾಗಬೇಕು. ಯಂತ್ರವು ಡಿಸ್ಕುಗಳನ್ನು 'ಎಸ್‌ಡಿಎ', 'ಎಸ್‌ಡಿಬಿ' ಎಂದು ಕರೆಯುತ್ತದೆ. ಈ ಹೆಸರುಗಳು ಸ್ಥಿರವಲ್ಲ. ಇಂದಿನ 'ಎ' ನಾಳೆ 'ಬಿ' ಆದೀತು. ಒಂದಕ್ಷರ ತಪ್ಪಿದರೆ, ಹೊಸ ಹೊಲವೆಂದು ಭಾವಿಸಿ ಬೆಳೆದು ನಿಂತ ಪೈರನ್ನೇ ಉತ್ತಂತಾಗುತ್ತದೆ. ಗಾತ್ರವನ್ನೂ ಕ್ರಮಸಂಖ್ಯೆಯನ್ನೂ ನೋಡಿಯೇ ಕೈಯಿಡಬೇಕು.

ಇನ್ನು ಜೋಡಿಸುವ ಜಾಗ. ಕಡತಗಳಿರುವ ಕೋಶದ ಮೇಲೆಯೇ ಹೊಸ ಡಿಸ್ಕನ್ನು ಜೋಡಿಸಿದರೆ ಒಳಗಿದ್ದುದೆಲ್ಲ ಕಣ್ಮರೆಯಾಗುತ್ತದೆ. ತೀರಿಹೋದ ತಾಯಿಯ ದನಿಯುಳ್ಳ ಎರಡು ನಿಮಿಷದ ಮುದ್ರಿಕೆ ಅಲ್ಲಿತ್ತೆಂದರೆ, ಮಗನ ಎದೆ ಆ ಕ್ಷಣ ನಿಂತೇ ಹೋದೀತು. ಆದರೆ ಅದು ಅಳಿದಿಲ್ಲ, ಮರೆಯಾಗಿದೆ ಅಷ್ಟೆ. ಕಸಿ ಬಿಚ್ಚಿದರೆ ಮತ್ತೆ ಕಾಣುತ್ತದೆ. ಗಾಬರಿಯಲ್ಲಿ ಬೇರೇನನ್ನೂ ಅಳಿಸದಿರುವುದೇ ಆಗಿನ ವಿವೇಕ.

ಜೋಡಣೆ ನಿತ್ಯವೂ ತಾನಾಗಿ ನಡೆಯಬೇಕಾದರೆ 'ಎಫ್‌ಸ್ಟ್ಯಾಬ್' ಎಂಬ ಕಡತದಲ್ಲಿ ಒಂದು ಸಾಲು ಬರೆಯಬೇಕು. ಅಲ್ಲಿ ಬದಲಾಗುವ ಹೆಸರಿಗಿಂತ 'ಯುಯುಐಡಿ' ಎಂಬ ಸ್ಥಿರ ಗುರುತನ್ನು ಬರೆಯುವುದು ಕ್ಷೇಮ. ಆ ಸಾಲು ತಪ್ಪಾದರೆ ಬೆಳಗ್ಗೆ ಯಂತ್ರ ಪೂರ್ತಿ ಏಳದೆ ಹಟ ಹಿಡಿಯಬಹುದು. 'ನೋಫೇಲ್' ಎಂದು ಸೇರಿಸಿದರೆ ಡಿಸ್ಕು ಬಾರದಿದ್ದರೂ ಎದ್ದೀತು. ಆದರೆ ಅಂದು ಬರೆದದ್ದೆಲ್ಲ ಹಳೆಯ ಡಿಸ್ಕಿನ ಬರಿದಾದ ಕೋಶಕ್ಕೆ ಸದ್ದಿಲ್ಲದೆ ಸೇರಬಹುದು. ಸೌಕರ್ಯಕ್ಕೂ ಒಂದು ಸುಂಕವಿದೆ.

ಎಲ್ಲಕ್ಕಿಂತ ದೊಡ್ಡ ಭ್ರಮೆ ಇನ್ನೊಂದಿದೆ. ಡಿಸ್ಕು ಎರಡಾದ ಮಾತ್ರಕ್ಕೆ ಪ್ರತಿ ಎರಡಾಗಲಿಲ್ಲ. ಒಂದು ಮರದಂತೆ ಕಂಡರೂ ಕೊಂಬೆಯ ಆಯುಷ್ಯ ಬೇರೆ, ಬೇರಿನ ಆಯುಷ್ಯ ಬೇರೆ. ಕೊಂಬೆ ಒಣಗಿದರೆ ಅದರ ಹಣ್ಣನ್ನು ಬೇರು ಮರಳಿ ಕೊಡಲಾರದು. ಜಾಗ ಹೆಚ್ಚಿದ ಸಂತೋಷದಲ್ಲಿ ಇದನ್ನು ನೆನೆಯುವವರು ವಿರಳ. ನೆನೆದವರು ಮಾತ್ರ ಮೂರನೆಯ ಡಿಸ್ಕೊಂದನ್ನು ಕೊಂಡು, ಪ್ರತಿ ತೆಗೆದು, ಯಂತ್ರದಿಂದ ಕಳಚಿ, ಬೀರುವಿನಲ್ಲಿ ಭದ್ರವಾಗಿಡುತ್ತಾರೆ.